ಪುಟ್ಟ ವಿಮಾನಕ್ಕೆ ಪೆಟ್ರೋಲ್ ಎಂಜಿನ್ನು

ದನದ ಪರಿಷೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ದಳ್ಳಾಳಿಯ ಮಾತಿಗೆ ಕಿವಿಗೊಡುವುದು ಕಡಮೆ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಹತ್ತು ಹೆಜ್ಜೆ ನಡೆಸಿ ನಡಿಗೆ ಪರೀಕ್ಷಿಸುತ್ತಾನೆ. ಇಷ್ಟಾದರೂ ಅವನ ಮನಸ್ಸಿಗೆ ಸಮಾಧಾನವಿಲ್ಲ. ನೊಗಕ್ಕೆ ಕಟ್ಟಿ ತನ್ನ ಹೊಲದ ಮಣ್ಣಿನಲ್ಲಿ ನಾಲ್ಕು ಸಾಲು ಹೊಡೆದ ಮೇಲೆಯೇ ‘ಪರವಾಗಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಡುವುದು. ಅದೇ ರೈತನ ಮಗ, ಕಾಲೇಜಿನಲ್ಲಿ ಓದಿದವನು, ರೇಡಿಯೋ ನಿಯಂತ್ರಣದ ದೊಡ್ಡ ಮಾದರಿ ವಿಮಾನಕ್ಕೆಂದು ಪೆಟ್ರೋಲ್ ಎಂಜಿನ್ನೊಂದನ್ನು ತರಿಸಿದನೆನ್ನಿ. ಪೆಟ್ಟಿಗೆಯ ಮೇಲೆ ಅಚ್ಚಾದ ಅಶ್ವಶಕ್ತಿಯ ಅಂಕಿಯನ್ನು ಓದಿ ಅವನು ತೃಪ್ತನಾಗಿಬಿಡುತ್ತಾನೆ. ಆ ಅಂಕಿಯನ್ನು ಬರೆದವರು ಚಿತ್ರದುರ್ಗದ ಗಾಳಿಯಲ್ಲಿ, ಹಿರಿಯೂರಿನ ಬಿಸಿಲಿನಲ್ಲಿ, ನಮ್ಮ ಬಂಕಿನ ಪೆಟ್ರೋಲು ಹಾಕಿ ಅದನ್ನು ಓಡಿಸಿದವರಲ್ಲವೆಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆಯುವುದಿಲ್ಲ.

ಮಾದರಿ ವಿಮಾನವೆಂದೊಡನೆ ಮಕ್ಕಳ ಆಟಿಕೆಯೆಂದು ಭಾವಿಸುವವರು ಇಂದಿಗೂ ಉಂಟು. ಇಲ್ಲಿ ಹೇಳುತ್ತಿರುವುದು ಅಂಥ ಆಟಿಕೆಯ ಮಾತಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಎರಡು ಎರಡೂವರೆ ಮೀಟರು ಹರವು, ಹತ್ತು ಕಿಲೋಗ್ರಾಂ ತೂಕ, ಮೂತಿಯಲ್ಲಿ ೫೦ ರಿಂದ ೬೦ ಸಿ.ಸಿ. ಗಾತ್ರದ ಎರಡು ಹೊಡೆತದ ಎಂಜಿನ್ನು, ಅದರ ಮುಂದೆ ೨೨ ಅಂಗುಲದ ಪ್ರೊಪೆಲರು. ಈ ಪ್ರೊಪೆಲರು ನಿಮಿಷಕ್ಕೆ ೭೦೦೦ ಸುತ್ತು ತಿರುಗುವಾಗ ಅದರ ಅಲಗಿನ ತುದಿ ಗಂಟೆಗೆ ಸುಮಾರು ೭೪೦ ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಅಡ್ಡ ಬಂದ ಬೆರಳನ್ನು ಅದು ಬಿಟ್ಟುಕೊಡುವುದಿಲ್ಲ. ಆಕಾಶದಲ್ಲಿ ಎಂಜಿನ್ನು ನಿಂತರೆ ಹತ್ತು ಕಿಲೋ ತೂಕದ ವಸ್ತುವೊಂದು ಯಾರದೋ ಹೊಲಕ್ಕೆ, ಯಾರದೋ ಸೂರಿಗೆ ಇಳಿದುಬರಲೇಬೇಕು. ಆದುದರಿಂದ ಎಂಜಿನ್ನು ಎಷ್ಟು ಬಲಶಾಲಿಯೆಂಬ ಪ್ರಶ್ನೆಗಿಂತ, ಅದು ಹೇಳದೆ ಕೇಳದೆ ನಿಲ್ಲುವುದೇ, ನಿಲ್ಲಿಸಬೇಕೆಂದಾಗ ನಿಲ್ಲುವುದೇ ಎಂಬೆರಡು ಪ್ರಶ್ನೆಗಳು ಹಿರಿಯವು.

ಮಾದರಿ ವಿಮಾನದ ಚರಿತ್ರೆಯಲ್ಲಿ ಪೆಟ್ರೋಲು ಹೊಸಬನೇನಲ್ಲ. ೧೯೩೭ರಲ್ಲಿ ಅಮೆರಿಕದ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸೋದರರು ರೇಡಿಯೋ ನಿಯಂತ್ರಣದಿಂದ ಹಾರಿಸಿದ ‘ಗಫ್’ ಎಂಬ ಮಾದರಿಯ ಮೂತಿಯಲ್ಲಿದ್ದುದೂ ಕಿಡಿ ಹಾರಿಸುವ ಎಂಜಿನ್ನೇ. ಎರಡನೆಯ ಮಹಾಯುದ್ಧದ ತರುವಾಯ ‘ಗ್ಲೋ ಪ್ಲಗ್ಗು’ ಬಂದಿತು. ಮೆಥನಾಲನ್ನು ಕುಡಿಯುವ ಈ ಎಂಜಿನ್ನಿಗೆ ಕಿಡಿಯ ಸುರುಳಿ ಬೇಡ, ಬ್ಯಾಟರಿಯ ಹೊರೆ ಬೇಡ. ಒಮ್ಮೆ ಕೆಂಪಗೆ ಕಾಯಿಸಿದ ತಂತಿಯೇ ಮುಂದೆ ತಾನಾಗಿ ಬೆಂಕಿ ಹೊತ್ತಿಸುತ್ತದೆ. ಹಗುರವಾದ ಎಂಜಿನ್ನು ಹವ್ಯಾಸಿಗಳ ಮನಸ್ಸನ್ನು ಗೆದ್ದಿತು. ಇದಕ್ಕೆ ಎರೆಯುವ ಎಣ್ಣೆ ಯಾವುದೆಂದರೆ ನಮ್ಮ ಹರಳೆಣ್ಣೆ! ಚಿತ್ರದುರ್ಗದ ಬೆದ್ದಲು ಹೊಲಗಳ ಅಂಚಿನಲ್ಲಿ ಬೆಳೆಯುವ ಔಡಲ ಗಿಡದ ಬೀಜದಿಂದ ಬರುವ ಈ ಎಣ್ಣೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದೊಡ್ಡ ವಿಮಾನಗಳ ತಿರುಗುವ ಎಂಜಿನ್ನುಗಳಿಗೂ ನುಣುಪು ಕೊಟ್ಟದ್ದು. ಆದರೆ ಹರಳೆಣ್ಣೆ ಮದ್ಯಸಾರದಲ್ಲಿ ಕರಗುವಂತೆ ಪೆಟ್ರೋಲಿನಲ್ಲಿ ಚೆನ್ನಾಗಿ ಕರಗದು. ಅಂತೆಯೇ ಪೆಟ್ರೋಲ್ ಎಂಜಿನ್ನಿಗೆ ಖನಿಜ ತೈಲವನ್ನೋ ಸಂಯೋಜಿತ ತೈಲವನ್ನೋ ಬೆರೆಸಬೇಕಾಗುತ್ತದೆ.

ಮಾದರಿಗಳು ಬೆಳೆದಂತೆ ಮೆಥನಾಲಿನ ಖರ್ಚು ಭಾರವಾಯಿತು. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಾಖ ಒಂದು ಕಿಲೋ ಮೆಥನಾಲಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಆಗ ಹವ್ಯಾಸಿಗಳ ಕಣ್ಣು ಬಿದ್ದುದು ಮರ ಕೊಯ್ಯುವ ಗರಗಸದ ಎಂಜಿನ್ನಿನ ಮೇಲೆ, ಕಳೆ ಕೊಚ್ಚುವ ಯಂತ್ರದ ಮೇಲೆ. ಹೊಳಲ್ಕೆರೆ, ಹೊಸದುರ್ಗಗಳ ಅಡಕೆ ತೆಂಗಿನ ತೋಟಗಳಲ್ಲಿ ಆಳು ಹೆಗಲಿಗೆ ಹಾಕಿಕೊಂಡು ಗುಂಯ್‌ಗುಡಿಸುವ ‘ವೀಡ್ ಕಟರು’ ಇದೆಯಲ್ಲ, ದೊಡ್ಡ ಮಾದರಿ ವಿಮಾನದ ಎಂಜಿನ್ನು ಅದಕ್ಕೆ ದಾಯಾದಿಯೇ ಸರಿ. ಇಬ್ಬರ ಕಾರ್ಬ್ಯುರೇಟರೂ ಒಂದೇ ಬಗೆಯದು. ಸ್ಕೂಟರಿನ ಕಾರ್ಬ್ಯುರೇಟರಿನಲ್ಲಿ ತೇಲುವ ಬುಂಡೆಯೊಂದಿರುತ್ತದೆ. ಸ್ಕೂಟರನ್ನು ತಲೆಕೆಳಗು ಮಾಡಿದರೆ ಅದು ಕೆಲಸ ಮಾಡದು. ಗರಗಸವನ್ನು ಅಡ್ಡಡ್ಡ ಹಿಡಿಯಬೇಕು, ವಿಮಾನವನ್ನು ಮಗುಚಿ ಹಾರಿಸಬೇಕು. ಆದುದರಿಂದ ಇವುಗಳಲ್ಲಿ ಬುಂಡೆಯ ಬದಲು ತೆಳುವಾದ ರಬ್ಬರಿನ ಪೊರೆ. ಎಂಜಿನ್ನಿನ ಹೊಟ್ಟೆಯೊಳಗೆ ಗಾಳಿಯ ಒತ್ತಡ ಏರಿಳಿಯುವಾಗ ಈ ಪೊರೆ ಮಿಡಿಯುತ್ತದೆ; ಆ ಮಿಡಿತವೇ ಪಂಪಿನಂತೆ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಎರಡು ತಿರುಪುಗಳು: ಒಂದು ಮಂದಗತಿಗೆ, ಇನ್ನೊಂದು ಪೂರ್ಣಗತಿಗೆ. ಎಂಜಿನ್ನನ್ನು ಕೆಡಿಸುವ ವಿದ್ಯೆಯೆಲ್ಲ ಈ ಎರಡು ತಿರುಪುಗಳಲ್ಲಿದೆ. ಸುಧಾರಿಸುವ ವಿದ್ಯೆಯೂ ಅಲ್ಲಿಯೇ ಇದೆ.

ಹೊಸ ಎಂಜಿನ್ನನ್ನು ನೇರವಾಗಿ ವಿಮಾನಕ್ಕೆ ಬಿಗಿಯುವುದು ದುಡುಕು. ಗಟ್ಟಿಯಾದ ಮರದ ಪೀಠಕ್ಕೆ ಅದನ್ನು ಬೋಲ್ಟು ಹಾಕಿ ನಿಲ್ಲಿಸಿ, ಮೊದಲ ಕೆಲವು ಟ್ಯಾಂಕು ಪೆಟ್ರೋಲನ್ನು ಎಣ್ಣೆ ಕೊಂಚ ಹೆಚ್ಚಾಗಿ ಬೆರೆಸಿ, ಗತಿಯನ್ನು ಏರಿಸುತ್ತ ಇಳಿಸುತ್ತ ಓಡಿಸಬೇಕು. ಪಿಸ್ಟನ್ನಿನ ಉಂಗುರವೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ಒಗ್ಗಿಕೊಳ್ಳುವವರೆಗೆ ಯಾವ ಅಳತೆಯನ್ನೂ ನಂಬುವಂತಿಲ್ಲ. ಹಳೆಯ ಮೆಥನಾಲ್ ವಿಮಾನದಿಂದ ಕಿತ್ತ ಸಿಲಿಕೋನ್ ಕೊಳವೆಯನ್ನೇ ಇದಕ್ಕೂ ಜೋಡಿಸುವವರುಂಟು. ಪೆಟ್ರೋಲು ತಾಕಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಎಂದಾದರೊಂದು ದಿನ ಕಳಚಿಕೊಳ್ಳುತ್ತದೆ. ಎಂಜಿನ್ನು ಕೆಟ್ಟಿತೆಂದು ದೂರುವ ಅನೇಕ ಪ್ರಸಂಗಗಳಲ್ಲಿ ನಿಜವಾದ ಅಪರಾಧಿ ಹತ್ತಾರು ರೂಪಾಯಿಯ ಕೊಳವೆಯೇ ಆಗಿರುತ್ತದೆ.

ಪೆಟ್ರೋಲಿನ ಮಾತು ಬಂದುದರಿಂದ ಅದನ್ನೂ ತುಸು ವಿಸ್ತರಿಸಬೇಕು. ೨೦೨೩ರಿಂದೀಚೆಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡ ೨೦ ಎಥನಾಲು ಬೆರೆತ ಪೆಟ್ರೋಲು ಬರತೊಡಗಿತು. ೨೦೨೫ರ ಹೊತ್ತಿಗೆ ಬಹುಮಟ್ಟಿಗೆ ಎಲ್ಲೆಡೆಯೂ ಅದೇ ಆಯಿತು. ಎಂಜಿನ್ನಿನ ಜೊತೆಗೆ ಬಂದ ಸೂಚನಾಪತ್ರವಾದರೋ ಶುದ್ಧ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದಾಗಿರಬಹುದು. ಎಥನಾಲಿನ ಕಣದಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿದೆ. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಕಿಲೋ ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಹದಿಮೂರೂವರೆ ಕಿಲೋ ಸಾಕು. ಅಂದರೆ ತಿರುಪನ್ನು ಹಿಂದಿನ ಜಾಗದಲ್ಲಿಯೇ ಬಿಟ್ಟರೆ ಎಂಜಿನ್ನಿಗೆ ಇಂಧನ ಸಾಲದಾಗುತ್ತದೆ. ನಾಲ್ಕು ಹೊಡೆತದ ಮೋಟಾರ್ ಸೈಕಲ್ಲಿನಲ್ಲಿ ಎಣ್ಣೆಗೆ ಬೇರೆ ದಾರಿಯುಂಟು. ಈ ಪುಟ್ಟ ಎಂಜಿನ್ನಿನಲ್ಲಿ ಎಣ್ಣೆ ಬರುವುದೇ ಇಂಧನದೊಂದಿಗೆ. ಇಂಧನ ಕಡಮೆಯಾದರೆ ಎಣ್ಣೆಯೂ ಕಡಮೆ. ಶಾಖ ಮಾತ್ರ ಹೆಚ್ಚು. ಹಸಿವಿನ ಮೇಲೆ ಬಾಯಾರಿಕೆ. ಪೂರ್ಣಗತಿಯ ತಿರುಪನ್ನು ಸ್ವಲ್ಪ ಬಿಚ್ಚಿ, ಎಂಜಿನ್ನು ತುಸು ಒರಟಾಗಿ ಓಡುವಂತೆ ಬಿಡುವುದೇ ಇಲ್ಲಿ ಜಾಣತನ. ನಯವಾಗಿ, ಕೇಳಲು ಇಂಪಾಗಿ ಹಾಡುವ ಎಂಜಿನ್ನು ಬಹುವೇಳೆ ಸಾಯುವ ಮುನ್ನ ಹಾಡುತ್ತಿರುತ್ತದೆ.

ಇನ್ನೊಂದು ಕೇಡೂ ಉಂಟು. ಎಥನಾಲು ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುತ್ತದೆ. ಎಣ್ಣೆ ಬೆರೆಸಿದ ಪೆಟ್ರೋಲಿನ ಡಬ್ಬಿಯನ್ನು ಮುಚ್ಚಳ ಸಡಿಲವಾಗಿ ಮಳೆಗಾಲವೆಲ್ಲ ಇಟ್ಟರೆ, ನೀರು ಮಿತಿಮೀರಿದಾಗ ಎಥನಾಲೂ ನೀರೂ ಒಟ್ಟುಗೂಡಿ ತಳಕ್ಕೆ ಇಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ. ಟ್ಯಾಂಕಿನೊಳಗಿನ ತೂಕದ ಕೊಳವೆಯಾದರೋ ತಳದಿಂದಲೇ ಹೀರುವುದು! ಕೆಲವು ನಿಮಿಷ ಎಣ್ಣೆಯಿಲ್ಲದೆ ಓಡಿದ ಪಿಸ್ಟನ್ನಿಗೆ ಆಗುವ ಗತಿಯನ್ನು ಬಣ್ಣಿಸಬೇಕಾಗಿಲ್ಲ. ಬೆರೆಸಿದ ಇಂಧನವನ್ನು ತಿಂಗಳೊಳಗೆ ಮುಗಿಸುವುದು, ಹಾರಾಟವಾದ ಮೇಲೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಿಡುವುದು, ಇವು ರೂಢಿಯಾಗಬೇಕು.

ಈಗ ಬಲದ ಅಳತೆಗೆ ಬರಬಹುದು. ಹವ್ಯಾಸಿಗಳು ನೆಚ್ಚಿಕೊಂಡಿರುವ ಸಲಕರಣೆ ಟ್ಯಾಕೋಮೀಟರು. ತಿರುಗುವ ಪ್ರೊಪೆಲರಿನ ಹಿಂದೆ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತೆಂದು ಅದು ಹೇಳುತ್ತದೆ. ಒಂದೇ ಪ್ರೊಪೆಲರನ್ನು, ಒಂದೇ ದಿನ, ಒಂದೇ ಗಳಿಗೆಯಲ್ಲಿ ಎರಡು ಎಂಜಿನ್ನುಗಳಿಗೆ ಜೋಡಿಸಿ ಹೋಲಿಸುವುದಾದರೆ ಇದಕ್ಕಿಂತ ಉತ್ತಮ ಸಾಧನ ಇನ್ನಿಲ್ಲ. ಪ್ರೊಪೆಲರು ನುಂಗುವ ಶಕ್ತಿ ಸುತ್ತಿನ ಸಂಖ್ಯೆಯ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಒಂದು ಎಂಜಿನ್ನು ೭೦೦೦ ಸುತ್ತು, ಮತ್ತೊಂದು ೬೬೫೦ ಸುತ್ತು ತಿರುಗಿಸಿದರೆ ‘ಐದೇ ಪಾಲು ಕಡಮೆ’ ಎಂದು ತಾತ್ಸಾರ ಮಾಡುವಂತಿಲ್ಲ; ಶಕ್ತಿಯಲ್ಲಿ ಆ ಅಂತರ ಶೇಕಡ ೧೪ರಷ್ಟಾಗುತ್ತದೆ.

ಆದರೆ ಪುಸ್ತಕದಲ್ಲಿ ಕೊಟ್ಟ ಸುತ್ತಿನ ಸಂಖ್ಯೆಯನ್ನು ಚಿತ್ರದುರ್ಗದಲ್ಲಿ ಅಳೆದ ಸಂಖ್ಯೆಯೊಡನೆ ಹೋಲಿಸಿದಾಗ ಈ ಟ್ಯಾಕೋಮೀಟರು ಮೆಲ್ಲಗೆ ಮೋಸ ಮಾಡುತ್ತದೆ. ಹೇಗೆಂದರೆ, ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು ೭೩೦ ಮೀಟರು ಎತ್ತರದಲ್ಲಿದೆ. ಶಾಸ್ತ್ರಕಾರರು ಶಿಷ್ಟವೆಂದು ಇಟ್ಟುಕೊಂಡಿರುವ ಗಾಳಿ ಸಮುದ್ರಮಟ್ಟದ್ದು, ೧೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯದು. ಅದರ ಒಂದು ಘನಮೀಟರು ತೂಗುವುದು ೧.೨೨೫ ಕಿಲೋ. ದುರ್ಗದ ಎತ್ತರದಲ್ಲಿ, ಬೇಸಗೆಯ ಮಧ್ಯಾಹ್ನ ೩೮ ಡಿಗ್ರಿ ಕಾವಿರುವಾಗ, ಅದೇ ಒಂದು ಘನಮೀಟರು ಗಾಳಿ ತೂಗುವುದು ೧.೦೪ ಕಿಲೋ ಮಾತ್ರ. ಶೇಕಡ ೧೫ರಷ್ಟು ಗಾಳಿ ಮಾಯವಾದಂತಾಯಿತು. ಎಂಜಿನ್ನು ಉಸಿರಾಡುವುದೂ ಈ ತೆಳು ಗಾಳಿಯನ್ನೇ; ಆದುದರಿಂದ ಅದರ ಬಲ ಸುಮಾರು ಅಷ್ಟೇ ಪಾಲು ಕುಗ್ಗುತ್ತದೆ. ಆದರೆ ಪ್ರೊಪೆಲರು ಕಡೆಯಬೇಕಾದ ಗಾಳಿಯೂ ಅಷ್ಟೇ ತೆಳುವಾಗಿರುವುದರಿಂದ ಅದರ ಹೊರೆಯೂ ಕುಗ್ಗುತ್ತದೆ. ದುರ್ಬಲನಾದ ಎತ್ತಿಗೆ ಹಗುರವಾದ ಗಾಡಿ! ಎತ್ತಿನ ಹೆಜ್ಜೆಯ ವೇಗ ಕಡಮೆಯಾಗುವುದೇ ಇಲ್ಲ. ಟ್ಯಾಕೋಮೀಟರು ಬಹುಮಟ್ಟಿಗೆ ಮೊದಲಿನ ಸಂಖ್ಯೆಯನ್ನೇ ತೋರಿಸುತ್ತದೆ, ಹವ್ಯಾಸಿ ಹಿಗ್ಗುತ್ತಾನೆ. ವಿಮಾನವನ್ನು ಮುಂದಕ್ಕೆ ಎಳೆಯುವ ಬಲ ಮಾತ್ರ ಶೇಕಡ ೧೫ರಷ್ಟು ಸೋರಿಹೋಗಿರುತ್ತದೆ.

ಈ ಮೋಸವನ್ನು ಬಯಲಿಗೆ ತರುವುದು ಸಂತೆಯಲ್ಲಿ ದೊರೆಯುವ ಸ್ಪ್ರಿಂಗ್ ತಕ್ಕಡಿ. ವಿಮಾನದ ಬಾಲಕ್ಕೆ ಗಟ್ಟಿ ಹಗ್ಗ ಬಿಗಿದು, ನಡುವೆ ತಕ್ಕಡಿಯನ್ನು ಸಿಕ್ಕಿಸಿ, ನೆಲದಲ್ಲಿ ಹೂತ ಗೂಟಕ್ಕೆ ಕಟ್ಟಿ, ಪೂರ್ಣಗತಿಯಲ್ಲಿ ಓಡಿಸಿದರೆ ಎಳೆತ ಎಷ್ಟು ಕಿಲೋ ಎಂಬುದು ಮುಳ್ಳಿನಲ್ಲಿ ಕಾಣುತ್ತದೆ. ಶಿಷ್ಟ ಗಾಳಿಯಲ್ಲಿ ೧೨ ಕಿಲೋ ಎಳೆಯಬೇಕಾದ ಎಂಜಿನ್ನು ದುರ್ಗದ ಬೇಸಗೆಯಲ್ಲಿ ೧೦ ಕಿಲೋವಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹತ್ತು ಕಿಲೋ ತೂಕದ ವಿಮಾನಕ್ಕೆ ಇದೇನೂ ಸಾಲದೆಂದಲ್ಲ. ಆದರೆ ತೆಳು ಗಾಳಿಯಲ್ಲಿ ರೆಕ್ಕೆಯೂ ಹೆಚ್ಚು ವೇಗವಿಲ್ಲದೆ ಎತ್ತದು. ಎಳೆತ ಕಡಮೆ, ಬೇಕಾದ ವೇಗ ಹೆಚ್ಚು. ಎರಡೂ ಸೇರಿದರೆ ಶಿಷ್ಟ ಗಾಳಿಯಲ್ಲಿ ೧೦೦ ಮೀಟರು ಓಡಿ ಏಳುವ ವಿಮಾನ ಇಲ್ಲಿ ೧೩೫ ರಿಂದ ೧೪೦ ಮೀಟರು ಓಡಬೇಕಾದೀತು. ಹೊಲದ ಬದು ಅದಕ್ಕೂ ಮೊದಲೇ ಬಂದರೆ? ಬೆಳಗಿನ ೨೨ ಡಿಗ್ರಿ ತಂಪಿನಲ್ಲಿ ಸುಲಭವಾಗಿ ಎದ್ದ ವಿಮಾನ ಮಧ್ಯಾಹ್ನ ಬದುವಿನ ಕಲ್ಲಿಗೆ ಮುಗ್ಗರಿಸುವುದಕ್ಕೆ ಎಂಜಿನ್ನು ‘ಕೆಟ್ಟದ್ದು’ ಕಾರಣವಾಗಿರುವುದಿಲ್ಲ. ಆದಕಾರಣ ಪರೀಕ್ಷೆಯ ಪುಸ್ತಕದಲ್ಲಿ ಸುತ್ತು, ಎಳೆತ ಇವುಗಳೊಡನೆ ಹೊತ್ತು, ಉಷ್ಣತೆ, ಊರು ಇವನ್ನೂ ಬರೆದಿಡದಿದ್ದರೆ ಆ ಅಂಕಿಗಳು ಯಾರಿಗೂ ಉಪಯೋಗಕ್ಕೆ ಬಾರವು.

ಪೀಠದ ಮೇಲೆ ಗಾಳಿಗೆ ಮೈಯೊಡ್ಡಿ ನಿಂತ ಎಂಜಿನ್ನು ತಣ್ಣಗಿರುತ್ತದೆ. ಅದನ್ನೇ ವಿಮಾನದ ಮೂತಿಯ ಚೆಲುವಾದ ಮುಚ್ಚಳದೊಳಗೆ ಕೂಡಿಸಿದಾಗ ಕತೆ ಬೇರೆ. ಮುಂದಿನಿಂದ ಗಾಳಿ ಬರಲು ದೊಡ್ಡ ಕಂಡಿ ಕೊರೆದು, ಹಿಂದಿನಿಂದ ಹೊರಹೋಗಲು ದಾರಿಯನ್ನೇ ಮರೆಯುವವರು ಬಹಳ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹೊರದಾರಿ ಒಳದಾರಿಯ ಎರಡು ಪಟ್ಟಾದರೂ ಅಗಲವಾಗಿರಬೇಕು. ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ನುಸುಳುವಂತೆ ಒಳಗೆ ತೆಳು ಹಲಗೆಯ ತಡೆಗಳನ್ನಿಡಬೇಕು. ಹಿರಿಯೂರಿನ ಬಯಲಿನ ಬೇಸಗೆ ಈ ಲೆಕ್ಕದಲ್ಲಿ ಯಾವ ಕಾರ್ಖಾನೆಯ ಪರೀಕ್ಷಕನಿಗಿಂತಲೂ ನಿಷ್ಠುರ. ಧೂಳೂ ಹಾಗೆಯೇ. ಆಷಾಢದ ಗಾಳಿ ಬೀಸುವಾಗ ಉತ್ತ ಹೊಲದ ಮಣ್ಣೆಲ್ಲ ಮೇಲೇಳುವ ಸೀಮೆಯಿದು. ಮಾದರಿ ಎಂಜಿನ್ನಿನ ಕಾರ್ಬ್ಯುರೇಟರು ಸಾಮಾನ್ಯವಾಗಿ ಬಾಯ್ದೆರೆದೇ ಇರುತ್ತದೆ, ಸೋಸುವ ಬಟ್ಟೆಯೂ ಇಲ್ಲ. ಹಾರಾಟದ ಬಳಿಕ ಅದರ ಬಾಯನ್ನು ಬಿಳಿಯ ಬಟ್ಟೆಯಿಂದ ಒರಸಿ ಬೆರಳಿನ ನಡುವೆ ಉಜ್ಜಿದರೆ ಮರಳಿನ ತರಿ ಸಿಕ್ಕುವುದೇ ಇಲ್ಲವೇ ಎಂಬುದು ತಿಳಿಯುತ್ತದೆ.

ಕಿಡಿಯ ಎಂಜಿನ್ನಿಗೆ ವಿಶಿಷ್ಟವಾದ ಗಂಡಾಂತರ ಇನ್ನೊಂದಿದೆ. ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೋ ಕೇಂದ್ರ. ಹಳೆಯ ಕಾಲದಲ್ಲಿ ಬೀದಿಯಲ್ಲಿ ಸ್ಕೂಟರು ಹೋದರೆ ಮನೆಯ ರೇಡಿಯೋ ಗರಗರ ಎನ್ನುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ವಿಮಾನಕ್ಕೆ ನೆಲದಿಂದ ಬರುವ ಆಜ್ಞೆಯೂ ರೇಡಿಯೋ ಅಲೆಯೇ. ೨.೪ ಗಿಗಾಹರ್ಟ್ಸ್ ಪದ್ಧತಿ ಬಂದ ಮೇಲೆ ಈ ಗದ್ದಲದ ಕಾಟ ಬಹಳ ತಗ್ಗಿದೆ, ನಿಜ, ಆದರೆ ಇಲ್ಲವಾಗಿಲ್ಲ. ಕಿಡಿಯ ಪೆಟ್ಟಿಗೆಯನ್ನೂ ಅದರ ಬ್ಯಾಟರಿಯನ್ನೂ ರಿಸೀವರಿನಿಂದ ಒಂದಡಿಯಾದರೂ ದೂರವಿಡಬೇಕು. ಪ್ಲಗ್ಗಿನ ತಂತಿಗೆ ಲೋಹದ ಜಾಲರಿಯ ಹೊದಿಕೆ ಹರಿಯದಿರಬೇಕು. ಬಳಿಕ ಟ್ರಾನ್ಸ್‌ಮಿಟರಿನ ಬಲವನ್ನು ತಗ್ಗಿಸಿ ದೂರದೂರಕ್ಕೆ ನಡೆಯುತ್ತ, ರೆಕ್ಕೆಯ ಪಟ್ಟಿಗಳು ಎಲ್ಲಿಯವರೆಗೆ ಮಾತು ಕೇಳುತ್ತವೆಂಬುದನ್ನು ಎಂಜಿನ್ನು ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ ನೋಡಬೇಕು. ಎರಡು ದೂರಗಳೂ ಒಂದೇ ಆಗಿದ್ದರೆ ಸರಿ. ಎಂಜಿನ್ನು ಓಡುವಾಗ ದೂರ ಕುಗ್ಗಿತೆಂದರೆ ಆ ದಿನ ಹಾರಾಟವಿಲ್ಲ, ಅಷ್ಟೆ. ನೆಲದಲ್ಲಿ ನಿಂತವನು ಒಂದು ಗುಂಡಿ ಒತ್ತಿದೊಡನೆ ಕಿಡಿ ನಿಲ್ಲುವಂತೆ ಸ್ವಿಚ್ಚು ಇರಬೇಕು. ರೇಡಿಯೋ ಸಂಪರ್ಕ ಕಡಿದರೆ ಎಂಜಿನ್ನು ತಾನಾಗಿ ಮಂದಗತಿಗೆ ಇಳಿಯುವಂತೆ, ಇಲ್ಲವೇ ನಿಲ್ಲುವಂತೆ ಮೊದಲೇ ಗೊತ್ತುಪಡಿಸಿರಬೇಕು. ವಿಮಾನವನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿ, ಟ್ರಾನ್ಸ್‌ಮಿಟರನ್ನು ಆರಿಸಿಯೇ ಇದನ್ನು ಪರೀಕ್ಷಿಸಬೇಕು. ಬಾಯಿಮಾತಿನ ಭರವಸೆ ಇಲ್ಲಿ ನಡೆಯದು.

ಇಷ್ಟೊಂದು ಎಚ್ಚರಿಕೆ ಹವ್ಯಾಸಕ್ಕೆ ಅತಿಯಾಯಿತೆನ್ನುವವರು ಇದೇ ಜಿಲ್ಲೆಯ ಈಚಿನ ಚರಿತ್ರೆಯನ್ನು ನೋಡಬಹುದು. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ, ಅಮೃತಮಹಲ್ ರಾಸುಗಳು ಮೇಯುತ್ತಿದ್ದ ಹುಲ್ಲುಗಾವಲಿನ ನೆಲದಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರ ೨೦೧೭ರ ಮೇ ೨೮ರಂದು ಉದ್ಘಾಟನೆಯಾಯಿತು. ಸುಮಾರು ೪೨೯೦ ಎಕರೆ ವಿಸ್ತಾರ, ಎರಡು ಕಿಲೋಮೀಟರಿಗೂ ಮಿಕ್ಕ ಓಟದ ಹಾದಿ. ದನಗಾಹಿಗಳಿಗೆ ಆ ಹುಲ್ಲುಗಾವಲು ಹೋದುದರ ವ್ಯಥೆ ಬೇರೆಯೇ ಒಂದು ಅಧ್ಯಾಯ. ಅದನ್ನು ಇಲ್ಲಿ ಅರ್ಧಮರ್ಧ ಹೇಳುವುದು ಉಚಿತವಲ್ಲ. ಚಾಲಕನಿಲ್ಲದ ‘ತಪಸ್’ ವಿಮಾನವನ್ನು ಈ ಕ್ಷೇತ್ರದಿಂದ ವರ್ಷಗಟ್ಟಲೆ ಪರೀಕ್ಷಿಸಿದರು. ತಜ್ಞರ ಪಡೆ, ಅಳತೆಯ ಯಂತ್ರಗಳು, ಧನಬಲ ಎಲ್ಲವೂ ಬೆನ್ನಿಗಿದ್ದ ವಿಮಾನವದು. ಆದರೂ ೨೦೧೯ರ ಸೆಪ್ಟೆಂಬರ್ ೧೭ರಂದು ಜೋಡಿಚಿಕ್ಕೇನಹಳ್ಳಿಯ ಬಳಿ ಅಡಕೆ ತೋಟದಲ್ಲಿಯೂ, ೨೦೨೩ರ ಆಗಸ್ಟ್ ೨೦ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿಯೂ ಅದು ಬಿದ್ದಿತು. ಎರಡು ಬಾರಿಯೂ ಯಾರ ಪ್ರಾಣಕ್ಕೂ ಎರವಾಗಲಿಲ್ಲವೆಂಬುದು ಪುಣ್ಯ. ಭಾನುವಾರದ ಹವ್ಯಾಸಿಗೆ ಅಷ್ಟು ಸಿದ್ಧತೆಯಿಲ್ಲ. ಅವನ ವಿಮಾನದ ಕೆಳಗೂ ಹೊಲವಿದೆ, ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳಿದ್ದಾರೆ.

ಪುಟ್ಟ ಎಂಜಿನ್ನೊಂದನ್ನು ನಾಡಿನಲ್ಲಿಯೇ ರೂಪಿಸಿ ಹಾರಿಸುವುದು ಎಷ್ಟು ದೀರ್ಘವಾದ ಸಾಹಸವೆಂಬುದಕ್ಕೆ ‘ನಿಶಾಂತ್’ ಒಳ್ಳೆಯ ಉದಾಹರಣೆ. ಕವಣೆಯಂಥ ಯಂತ್ರದಿಂದ ಎಸೆಯಲ್ಪಟ್ಟು, ಪ್ಯಾರಾಶೂಟಿನಿಂದ ಇಳಿಯುವ ಈ ಚಾಲಕರಹಿತ ವಿಮಾನ ಮೊದಲು ಹೊರದೇಶದ ಎಂಜಿನ್ನಿನಿಂದ ಹಾರುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ವೈಮಾನಿಕ ಅಭಿವೃದ್ಧಿ ಸಂಸ್ಥೆ, ಇಂದಿನ ಅಹಿಲ್ಯಾನಗರದ ವಾಹನ ಸಂಶೋಧನಾ ಸಂಸ್ಥೆ ಇವುಗಳು ಒಟ್ಟುಗೂಡಿ ೫೫ ಅಶ್ವಶಕ್ತಿಯ ವಾಂಕೆಲ್ ಎಂಜಿನ್ನನ್ನು ಸಿದ್ಧಪಡಿಸಿದವು. ಇದರಲ್ಲಿ ಮೇಲೆ ಕೆಳಗೆ ಬಡಿಯುವ ಪಿಸ್ಟನ್ನಿಲ್ಲ, ಮುಮ್ಮೂಲೆಯ ಗುಂಡು ತಿರುಗುತ್ತದೆ. ತೂಕ ಸುಮಾರು ೩೦ ಕಿಲೋ. ೨೦೦೯ರ ಏಪ್ರಿಲ್ ೫ರ ಮುಂಜಾನೆ ಕೋಲಾರದ ಬಳಿ ಅದನ್ನು ಹೊತ್ತ ನಿಶಾಂತ್ ೧.೮ ಕಿಲೋಮೀಟರು ಎತ್ತರಕ್ಕೇರಿ, ಸುಮಾರು ೪೦ ನಿಮಿಷಗಳ ಬಳಿಕ ಒಣಗಿದ ಕೆರೆಯಂಗಳದಲ್ಲಿ ಸುರಕ್ಷಿತವಾಗಿ ಇಳಿಯಿತು. ನಲವತ್ತೇ ನಿಮಿಷವೇ ಎಂದು ಮೂಗು ಮುರಿಯುವವರು, ಪೀಠದ ಮೇಲೆ ಎಂಜಿನ್ನು ಉರುಳಿದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ದೀರ್ಘ ಓಟದ ವಿಷಯದಲ್ಲಿ ಹವ್ಯಾಸಿಗಳೇ ಲೋಕಕ್ಕೆ ಪಾಠ ಹೇಳಿದ ಪ್ರಸಂಗವೂ ಉಂಟು. ೧೯೯೮ರ ಆಗಸ್ಟಿನಲ್ಲಿ ‘ಲೈಮಾ’ ಎಂಬ ಹದಿಮೂರು ಕಿಲೋ ಆಸುಪಾಸಿನ ಚಾಲಕರಹಿತ ವಿಮಾನ ನ್ಯೂಫೌಂಡ್‌ಲೆಂಡಿನಿಂದ ಸ್ಕಾಟ್ಲೆಂಡಿನ ದ್ವೀಪಕ್ಕೆ, ಅಟ್ಲಾಂಟಿಕ್ ಸಾಗರವನ್ನು ದಾಟಿ, ೨೬ ಗಂಟೆ ೪೫ ನಿಮಿಷಗಳಲ್ಲಿ ಹಾರಿತು. ಅದರ ಎಂಜಿನ್ನು ಪೆಟ್ರೋಲಿಗೆ ಒಗ್ಗಿಸಿದ ಮಾದರಿ ವಿಮಾನದ ಎಂಜಿನ್ನೇ. ದಾರಿಯುದ್ದಕ್ಕೂ ಅದು ಕುಡಿದುದು ಆರು ಲೀಟರಿಗೂ ಕಡಮೆ. ೨೦೦೩ರ ಆಗಸ್ಟಿನಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಎಂಬ ವೃದ್ಧ ಹವ್ಯಾಸಿ ಕಟ್ಟಿದ, ಐದು ಕಿಲೋ ಮೀರದ ಮಾದರಿ ಅದೇ ಸಾಗರವನ್ನು ೩೮ ಗಂಟೆ ೫೨ ನಿಮಿಷಗಳಲ್ಲಿ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಎಂಜಿನ್ನಿನ ಗಾತ್ರ ಹತ್ತು ಸಿ.ಸ��. ಮಾತ್ರ. ಹಿಲ್ ಮಹಾಶಯನ ಕಣ್ಣು ಆ ವೇಳೆಗೆ ಬಹಳ ಮಂದವಾಗಿತ್ತು. ಅವನ ಹಿಂದಿನ ಮಾದರಿಗಳು ಸಾಗರದ ಪಾಲಾಗಿದ್ದವು. ಆ ಎಂಜಿನ್ನು ಗೆದ್ದುದು ಅಶ್ವಶಕ್ತಿಯಿಂದಲ್ಲ. ಹನಿ ಹನಿ ಇಂಧನದ ಲೆಕ್ಕವಿಟ್ಟು, ಮೂವತ್ತೆಂಟು ಗಂಟೆಗಳಲ್ಲಿ ಒಮ್ಮೆಯೂ ಕೆಮ್ಮದೆ ಓಡುವಂತೆ ಅದನ್ನು ಪಳಗಿಸಿದ್ದರು.

ದುರ್ಗದ ಹವ್ಯಾಸಿಗೆ ಸಾಗರ ದಾಟುವ ಹಂಬಲ ಬೇಡ. ೨೦೨೧ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನದ ಒಟ್ಟು ತೂಕ ೨೫ ಕಿಲೋ ಮೀರಬಾರದು, ಹಾರಿಸುವವನ ಕಣ್ಣಳತೆಯನ್ನೂ ಅದು ದಾಟಬಾರದು. ಪರೀಕ್ಷಾ ಕ್ಷೇತ್ರವಿರುವ ಜಿಲ್ಲೆಯಾದುದರಿಂದ ಆಕಾಶದ ನಕ್ಷೆಯಲ್ಲಿ ತಾನು ನಿಂತ ಜಾಗದ ಬಣ್ಣ ಯಾವುದೆಂದು ಮೊದಲು ನೋಡಿಕೊಳ್ಳುವುದೂ ಅವಶ್ಯ. ಜೋಗಿಮಟ್ಟಿಯ ಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಗುಡ್ಡದ ಮರೆಯಲ್ಲಿ ಸುಳಿಸುಳಿಯಾಗಿ ಕೆಳಕ್ಕೆ ಬೀಳುತ್ತದೆಂಬುದನ್ನೂ ಮರೆಯಬಾರದು. ಹೊಸ ಎಂಜಿನ್ನಿನ ಮೊದಲ ಹಾರಾಟಕ್ಕೆ ಅಂಥ ಜಾಗ ತಕ್ಕುದಲ್ಲ.

ಮೊದಲ ಹಾರಾಟಕ್ಕೆ ಮುನ್ನ ನೆಲದಲ್ಲಿ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಅರ್ಧ ಲೀಟರಿನ ಟ್ಯಾಂಕು ಪೂರ್ಣಗತಿಯಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಬರಿದಾಗುತ್ತದೆ. ಒಂದು ಟ್ಯಾಂಕನ್ನು ಹೀಗೆ ಮುಗಿಸಿ, ಮತ್ತೊಮ್ಮೆ ತುಂಬಿ, ಎಂಜಿನ್ನು ಕಾದಿರುವಾಗಲೇ ಐದು ನಿಮಿಷ ಮಂದಗತಿಯಲ್ಲಿ ಬಿಟ್ಟು, ಥಟ್ಟನೆ ಪೂರ್ಣಗತಿಗೆ ಏರಿಸಬೇಕು. ಇಳಿಯಲು ಬಂದ ವಿಮಾನಕ್ಕೆ ಹಠಾತ್ತಾಗಿ ಮತ್ತೆ ಮೇಲೇಳಬೇಕಾಗಿ ಬಂದಾಗ ಆಗುವುದು ಇದೇ. ತಡವರಿಸಿದರೆ ಮಂದಗತಿಯ ತಿರುಪು ಸರಿಯಿಲ್ಲ. ಮೂತಿಯನ್ನು ಆಕಾಶಕ್ಕೆತ್ತಿ ಹಿಡಿದು ಅದನ್ನೇ ಮತ್ತೆ ಮಾಡಬೇಕು. ಇದಕ್ಕೆ ಇಬ್ಬರು ಬೇಕು; ಯಾರೂ ಪ್ರೊಪೆಲರಿನ ಸುತ್ತಿನ ನೇರಕ್ಕೆ ನಿಲ್ಲಬಾರದು.

ಆಕಾಶದಲ್ಲಿ ಎಂಜಿನ್ನು ನಿಂತೇಬಿಟ್ಟರೆ ಏನು ಮಾಡಬೇಕೆಂಬುದನ್ನೂ ಮೊದಲೇ ಅಭ್ಯಾಸ ಮಾಡಿರಬೇಕು. ವರವು ಕಾವಲಿನ ಅದೇ ಓಟದ ಹಾದಿಯಲ್ಲಿ ೨೦೨೩ರ ಏಪ್ರಿಲ್ ೨ರಂದು ಇಸ್ರೋ ಸಂಸ್ಥೆ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಕಳಚಿಬಿಟ್ಟಿತು. ಎಂಜಿನ್ನಿನ ನೆರವಿಲ್ಲದೆ ಅದು ತಾನಾಗಿ ತೇಲಿಬಂದು ಇಳಿಯಿತು. ಮರುವರ್ಷ ಮಾರ್ಚಿನಲ್ಲಿ ಮತ್ತೆ ಇಳಿದ ಆ ವಾಹನಕ್ಕೆ ‘ಪುಷ್ಪಕ’ವೆಂದೇ ಹೆಸರು. ಹವ್ಯಾಸಿಯ ಮಾದರಿ ಒಂದು ಮೀಟರು ಇಳಿಯುವುದರೊಳಗೆ ಎಂಟು ಮೀಟರು ಮುಂದಕ್ಕೆ ತೇಲಬಲ್ಲುದಾದರೆ, ೧೨೦ ಮೀಟರು ಎತ್ತರದಿಂದ ಒಂದು ಕಿಲೋಮೀಟರಿಗೆ ತುಸು ಕಡಮೆ ದೂರ ಸಿಕ್ಕಿತು. ಎದುರುಗಾಳಿಯಿದ್ದರೆ ಇನ್ನೂ ಕಡಮೆ. ಮೊದಲ ಹತ್ತು ಗಂಟೆಯ ಹಾರಾಟವೆಲ್ಲ ಈ ಅಳತೆಯೊಳಗೇ, ಇಳಿಯುವ ಬಯಲಿನ ನೆತ್ತಿಯ ಸುತ್ತಲೇ ನಡೆಯಬೇಕು.

ಹತ್ತು ಗಂಟೆಗಳಾದ ಮೇಲೆ ಸೈಲೆನ್ಸರನ್ನು ಬಿಚ್ಚಿ, ಹೊಗೆಯ ಕಂಡಿಯಿಂದ ಪಿಸ್ಟನ್ನಿನ ಮೈಯನ್ನು ಬೆಳಕು ಹಿಡಿದು ನೋಡಬೇಕು. ಮೈ ನುಣುಪಾಗಿ, ಕಂದುಬಣ್ಣದ ತೆಳು ಲೇಪವಿದ್ದರೆ ಇಂಧನವೂ ಎಣ್ಣೆಯೂ ಹದವಾಗಿವೆ. ಮೇಲಿನಿಂದ ಕೆಳಕ್ಕೆ ಗೀರುಗಳಿದ್ದರೆ ಧೂಳು ಒಳಹೊಕ್ಕಿದೆ, ಇಲ್ಲವೇ ಎಣ್ಣೆ ಸಾಲದೆ ಹೋಗಿದೆ. ಕಾರ್ಬ್ಯುರೇಟರಿನ ಪೊರೆಯನ್ನು ಬೆರಳಿನಿಂದ ಮುಟ್ಟಿದಾಗ ಹಪ್ಪಳದಂತೆ ಗಡುಸಾಗಿದ್ದರೆ ಎಥನಾಲಿನ ಕೆಲಸ, ಹೊಸದನ್ನು ಹಾಕಬೇಕು. ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದು, ಬೆಸುಗೆಯ ಕೀಲುಗಳನ್ನು ತಟ್ಟಿ ನೋಡಿ, ಸೈಲೆನ್ಸರನ್ನು ಕೂಡಿಸಿ, ಅದೇ ಗೂಟಕ್ಕೆ, ಅದೇ ಸ್ಪ್ರಿಂಗ್ ತಕ್ಕಡಿಗೆ, ಬೆಳಗಿನ ಅದೇ ಹೊತ್ತಿನಲ್ಲಿ ವಿಮಾನವನ್ನು ಕಟ್ಟಿ ಎಳೆತವನ್ನು ಮತ್ತೆ ಅಳೆಯಬೇಕು. ಮೊದಲ ದಿನದ ಅಂಕಿಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದಿಟ್ಟುಕೊಂಡರೆ, ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಮತ್ತೆ ತಿರುಗಿ ನೋಡುವ ಪ್ರಮೇಯ ಬರುವುದಿಲ್ಲ.